ತಪಸ್ಸುಕಾಲದ ಸೂಪ್ ಕಡುಬು

ಮೈಸೂರಿನಲ್ಲಿ ಸೂಪ್ ಡಂಪ್ಲಿಂಗ್ ಮಾಡುವ ಜಾಗಗಳು ನನಗೆ ಸಿಕ್ಕಿದ್ದು ಏಳು. ಏಳಕ್ಕೂ ಒಬ್ಬಳೇ ಹೋಗಿ ತಿಂದು ಬಂದೆ. ಅಂಗಡಿಯಲ್ಲಿ ಅರ್ಧ ಕೆ.ಜಿ. ಸಕ್ಕರೆ ಕೇಳುವುದಕ್ಕೂ ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡು ನೋಡುವ ನನ್ನಂಥವಳಿಗೆ ಅದು ಸಣ್ಣ ಕೆಲಸವಲ್ಲ. ಅಪ್ಪ ಹೇಳಿದರು ಅಂತ ಹೋದೆ.

ನಮ್ಮ ಅಮ್ಮ ಅದಕ್ಕೆ ಸೂಪ್ ಕಡುಬು ಅನ್ನುತ್ತಾಳೆ. ನೋಡುವುದಕ್ಕೆ ಮೋಮೋ ಥರ ಇರುತ್ತದೆ; ಹೊರಗೆ ತೆಳ್ಳನೆಯ ಮೈದಾ ಹಾಳೆ, ಒಳಗೆ ಪೋರ್ಕ್ ಕೈಮಾ. ಆದರೆ ಕಚ್ಚಿದರೆ ಕೈಮಾಕ್ಕಿಂತ ಮೊದಲು ಬಾಯಿಗೆ ಬಿಸಿ ಸೂಪು ಬರಬೇಕು. ಸೂಪನ್ನು ಯಾರೂ ಒಳಗೆ ಸುರಿಯುವುದಿಲ್ಲ. ಮೂಳೆ, ಚರ್ಮ ಎಲ್ಲ ಹಾಕಿ ಐದಾರು ಗಂಟೆ ಕುದಿಸಿ, ಸೋಸಿ, ಫ್ರಿಜ್ಜಿನಲ್ಲಿಟ್ಟರೆ ಅದು ಜೆಲ್ಲಿಯ ಹಾಗೆ ಗಟ್ಟಿಯಾಗುತ್ತದೆ. ಆ ಜೆಲ್ಲಿಯನ್ನು ಸಣ್ಣಗೆ ಹೆಚ್ಚಿ ಕೈಮಾದ ಜೊತೆ ಕಲಸಿ, ಹಾಳೆಯಲ್ಲಿಟ್ಟು, ಹದಿನೆಂಟು ನೆರಿಗೆ ಹಿಡಿದು ಮುಚ್ಚುತ್ತಾರೆ. ಹಬೆಯಲ್ಲಿ ಬೇಯುವಾಗ ಜೆಲ್ಲಿ ಕರಗಿ ಮತ್ತೆ ಸೂಪಾಗುತ್ತದೆ. ಅಪ್ಪ ಒಂದು ನೆರಿಗೆ ಕಡಿಮೆಯಾದರೂ ಬಿಚ್ಚಿ ಮತ್ತೆ ಹಿಡಿಯುತ್ತಾರೆ.

ಅಪ್ಪನ ಹೆಸರು ಇನ್ನಾಸಿಮುತ್ತು. ಚೆನ್ ಎಂಬ ಚೀನಾ ಮೂಲದ ಹಿರಿಯರ ಹೋಟೆಲಿನಲ್ಲಿ ಇಪ್ಪತ್ತಾರು ವರ್ಷ ಅವರು ಮಾಡಿದ್ದು ಇದೊಂದೇ ಕೆಲಸ. ಎರಡು ವರ್ಷದ ಹಿಂದೆ ಚೆನ್ ಅಂಕಲ್‌ಗೆ ಮಂಡಿ ಕೈಕೊಟ್ಟು ಹೋಟೆಲು ಮುಚ್ಚಿತು. ಆಮೇಲೆ ಅಪ್ಪ ಮದುವೆ ಅಡುಗೆಯವರ ಜೊತೆ ಹೋಗಿ ದೊಡ್ಡ ಬಾಣಲೆಯಲ್ಲಿ ಗೋಬಿ ಮಂಚೂರಿ ಹುರಿದು ಬರುತ್ತಿದ್ದರು. ಮನೆಗೆ ಬಂದು ಎಷ್ಟು ಸೋಪು ಹಚ್ಚಿ ಕೈ ತೊಳೆದರೂ ಬೆರಳುಗಳ ಕೆಂಪು ಬಣ್ಣ ಹೋಗುತ್ತಿರಲಿಲ್ಲ. ಆ ಬೆರಳುಗಳನ್ನು ನಾವು ಮೂವರೂ ನೋಡದ ಹಾಗೆ ಊಟ ಮಾಡುತ್ತಿದ್ದೆವು.

ಈ ಜನವರಿಯಲ್ಲಿ ಅಪ್ಪನಿಗೆ ಹತ್ತು ದಿನ ಜ್ವರ ಬಂತು. ಎದ್ದ ಮೇಲೆ ಒಂದು ಬೆಳಿಗ್ಗೆ ನನ್ನನ್ನು ಕರೆದು, "ವಿನೀ, ಊರಲ್ಲಿ ಈಗ ಯಾರ್ಯಾರು ಸೂಪ್ ಡಂಪ್ಲಿಂಗ್ ಮಾಡ್ತಾವ್ರೆ, ಒಂದು ಸುತ್ತು ಹೋಗಿ ತಿನ್ಕೊಂಡ್ ಬಾ. ಯಾರದ್ದು ಫಸ್ಟ್ ಅಂತ ನಂಗೆ ಗೊತ್ತಾಗ್ಬೇಕು" ಅಂದರು.

"ನೀವೂ ಬನ್ನಿ ಅಪ್ಪ."

"ನಾನು ಹೋದ್ರೆ ಗುರ್ತು ಹಿಡಿದ್ಬುಡ್ತಾರೆ. ಮುತ್ತಣ್ಣ ಬಂದವ್ರೆ ಅಂತ ಒಳ್ಳೇದ್ನೇ ಕೊಡ್ತಾರೆ. ನೀನು ಹೋದ್ರೆ ಯಾರೂ ತಿರುಗಿ ನೋಡಲ್ಲ."

ಅದು ನಿಜ. ನನಗೆ ಬೇಜಾರಾಗಲಿಲ್ಲ.

"ಎಂ.ಎ. ಓದ್ಸಿದ್ದು ಇದಕ್ಕಾ? ಬೀದಿ ಬೀದೀಲಿ ಕಡುಬು ತಿನ್ಕೊಂಡು ಓಡಾಡಕ್ಕಾ?" ಅಂತ ಅಮ್ಮ ಒಳಗಿನಿಂದ ಕೂಗಿದಳು.

"ಓದಿರೋದ್ಕೇ ಕಣೇ ಕಳಿಸ್ತಿರೋದು. ಬರ್ಕೊಂಡ್ ಬರ್ತಾಳೆ."

ಬರೆದುಕೊಂಡೇ ಬಂದೆ. ನಾನು ಪಿಯುಸಿಯಿಂದಲೂ ಡೈರಿ ಬರೆಯುತ್ತೇನೆ. ಜನರ ಎದುರು ಹೇಳಲಾಗದ್ದೆಲ್ಲ ಅದರಲ್ಲಿ ಸಲೀಸಾಗಿ ಬರುತ್ತದೆ. ಕಾಳಿದಾಸ ರಸ್ತೆಯಲ್ಲಿ ಎರಡು ಕಡೆ ತಿಂದೆ. ಒಂದರಲ್ಲಿ ಹಾಳೆ ದಪ್ಪ, ಇನ್ನೊಂದರಲ್ಲಿ ಸೂಪನ್ನು ಪಕ್ಕದಲ್ಲಿ ಬಟ್ಟಲಿನಲ್ಲಿ ಕೊಟ್ಟರು. ಬನ್ನಿಮಂಟಪದಲ್ಲಿ ನಮ್ಮ ಮನೆಗೆ ಹತ್ತು ಹೆಜ್ಜೆಯಲ್ಲಿ ಒಂದು ಗೂಡಂಗಡಿ ಶುರುವಾಗಿದ್ದು ನಮಗೇ ಗೊತ್ತಿರಲಿಲ್ಲ. ಅಶೋಕಪುರಂ ಸ್ಟೇಷನ್ ಹತ್ತಿರದ ಗಾಡಿಯವನು ನಾನು ಬೆರಳು ತೋರಿಸಿದ್ದು ಸರಿಯಾಗಿ ನೋಡದೆ ಪನೀರ್ ಮೋಮೋ ಕೊಟ್ಟ. ಗೋಡೆಯ ಕಡೆ ತಿರುಗಿ ಪೂರ್ತಿ ತಿಂದು, ಮಾರನೆಯ ದಿನ ಮತ್ತೆ ಬಸ್ಸು ಹತ್ತಿ ಹೋದೆ.

ಅಪ್ಪನಿಗೆ ಹೇಳಿದಾಗ ಕೆಮ್ಮು ಬರುವವರೆಗೂ ನಕ್ಕರು. "ಇದಲ್ಲಪ್ಪ ನಾನು ಕೇಳಿದ್ದು ಅಂತ ಒಂದು ಮಾತು ಹೇಳ್ಬಾರ್ದಾ?"

"ಅವರು ಕೊಟ್ಬಿಟ್ಟಿದ್ರು."

"ನಾಳೆ ಯಾರಾದ್ರೂ ನಿನ್ನ ತಪ್ಪು ಬಸ್ ಹತ್ಸಿದ್ರೂ ಟಿಕೆಟ್ ತಗೊಂಡು ಕೂತ್ಕೋತೀಯ ಕಣಮ್ಮ ನೀನು."

ಪ್ರತಿ ಸಲ ಬಂದಾಗಲೂ ಅವರ ಪ್ರಶ್ನೆಗಳು ಮುಗಿಯುತ್ತಿರಲಿಲ್ಲ. ಶುಂಠಿ ಮೊದಲು ಬಂತಾ, ಕೊನೆಗೆ ಬಂತಾ? ಚಕ್ರಮೊಗ್ಗು ಗಂಟಲಲ್ಲಿ ನಿಂತಿತಾ? ಉಪ್ಪು ಸೂಪಿನಲ್ಲಿತ್ತಾ, ಕೈಮಾದಲ್ಲಿತ್ತಾ? ಉತ್ತರ ಕೊಡುವುದಕ್ಕಾಗಿ ನಾನು ತಿನ್ನುವಾಗ ಕಣ್ಣು ಮುಚ್ಚಿಕೊಳ್ಳುವುದನ್ನು ಕಲಿತೆ.

"ಕಚ್ಚಿದ ತಕ್ಷಣ ಸೂಪು ಬಂತಾ, ಇಲ್ಲಾ ಹುಡುಕ್ಬೇಕಾಯ್ತಾ?"

"ಹುಡುಕ್ಬೇಕಾಯ್ತು."

"ಅಂಗಾದ್ರೆ ಅದು ಡಂಪ್ಲಿಂಗ್ ಅಲ್ಲ, ಕೈಮಾ ಚಪಾತಿ. ಹೊಡೆದಾಕು."

ರಾಜೀವನಗರದ ಅಂಗಡಿಯೊಂದನ್ನು ಮಾತ್ರ ಹೊಡೆದುಹಾಕಲು ಆಗಲಿಲ್ಲ. ಗಂಡ ಹೆಂಡತಿ ಇಬ್ಬರೇ ನಡೆಸುವ ಅಂಗಡಿ, ಕೋಳಿ ಕಾಲು ಕುದಿಸಿ ಜೆಲ್ಲಿ ಮಾಡುತ್ತಾರೆ. ಸೂಪು ನಾಲಿಗೆ ಸುಟ್ಟಿತು, ಆಮೇಲೆ ಮೆಣಸಿನ ಖಾರ ನಿಧಾನವಾಗಿ ಹತ್ತಿತು. ಅದನ್ನು ಹೇಳಿದಾಗ ಅಪ್ಪ ಮುಂದಕ್ಕೆ ಬಾಗಿದರು.

"ನನ್ನದಕ್ಕಿಂತ?"

"ಇಲ್ಲ. ನಿಮ್ಮದೇ ಫಸ್ಟ್."

"ನಂಗೋಸ್ಕರ ಹೇಳ್ಬೇಡ."

"ಇಲ್ಲ ಅಪ್ಪ. ನಿಜವಾಗ್ಲೂ."

ಅದು ನಿಜವೇ ಆಗಿತ್ತು. ಕಳೆದ ಕ್ರಿಸ್ಮಸ್‌ಗೆ ಅವರು ಮಾಡಿದ್ದು ನನ್ನ ಬಾಯಲ್ಲಿ ಇನ್ನೂ ಇತ್ತು.

ಬೂದಿ ಬುಧವಾರ ಬಂತು, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಶುರುವಾಯಿತು. ನಮ್ಮ ಮನೆಯಲ್ಲಿ ತಪಸ್ಸುಕಾಲದ ನಲವತ್ತು ದಿನವೂ ಮಾಂಸ ಮುಟ್ಟುವುದಿಲ್ಲ. ಬರೀ ಶುಕ್ರವಾರ ಬಿಟ್ಟರೆ ಸಾಕು ಅಂತ ಚರ್ಚಿನ ಸ್ವಾಮಿಯವರೇ ಹೇಳಿದರೂ ಅಮ್ಮ ಒಪ್ಪುವುದಿಲ್ಲ. ಅಪ್ಪ ಚೆನ್ ಅಂಕಲ್ ಹೋಟೆಲಿನಲ್ಲಿದ್ದಾಗಲೂ ಹಾಗೇ. ಆ ನಲವತ್ತು ದಿನ ದಿನಕ್ಕೆ ಮುನ್ನೂರು ಡಂಪ್ಲಿಂಗ್ ಮಾಡುತ್ತಿದ್ದರು, ಒಂದು ತೊಟ್ಟು ಸೂಪು ನಾಲಿಗೆಗೆ ತಾಗಿಸುತ್ತಿರಲಿಲ್ಲ. ಪಾತ್ರೆಯ ಮುಚ್ಚಳ ತೆಗೆದು ಹಬೆಗೆ ಮುಖ ಕೊಟ್ಟು ಉಸಿರೆಳೆದುಕೊಂಡು, "ಉಪ್ಪು ಇನ್ನೊಂದು ಚಿಟಿಕೆ" ಅನ್ನುತ್ತಿದ್ದರಂತೆ. ಯಾರಾದರೂ ನೆಕ್ಕಿ ನೋಡಿದರೆ ಸರಿಯಾಗಿ ಒಂದು ಚಿಟಿಕೆಯೇ ಬೇಕಾಗಿರುತ್ತಿತ್ತಂತೆ. ಮುತ್ತುಗೆ ನಾಲಿಗೆ ಮೂಗಿನಲ್ಲಿದೆ ಅಂತ ಆ ಅಡುಗೆಮನೆಯಲ್ಲಿ ಮಾತಿತ್ತು. ಅಮ್ಮ ಇದನ್ನು ಪವಾಡದ ಹಾಗೆ ಎಲ್ಲರಿಗೂ ಹೇಳುತ್ತಾಳೆ.

ತಪಸ್ಸುಕಾಲದ ಮೂರನೆಯ ವಾರ ಮನೋಹರ್ ಎಂಬುವವರು ಫೋನ್ ಮಾಡಿದರು. ರಿಂಗ್ ರಸ್ತೆಯಲ್ಲಿ ಹೊಸದಾಗಿ ತೆರೆಯುವ ಹೋಟೆಲಿನ ಮ್ಯಾನೇಜರ್. ಡಂಪ್ಲಿಂಗ್‌ಗೆ ಅಂತಲೇ ಒಂದು ಬೇರೆ ಅಡುಗೆಮನೆ ಮಾಡುತ್ತಿದ್ದಾರೆ, ಅದನ್ನು ಅಪ್ಪನೇ ನೋಡಿಕೊಳ್ಳಬೇಕು. "ಚಿಕ್ಕ ಹುಡುಗ ಆಗಿದ್ದಾಗ ಚೆನ್ ಹೋಟೆಲಲ್ಲಿ ನಿಮ್ಮ ಕೈರುಚಿ ತಿಂದು ಬೆಳೆದವನು ಸರ್ ನಾನು. ನನಗೆ ಟ್ರಯಲ್ ಬೇಡ. ಆದ್ರೆ ಓನರ್ ಒಂದ್ಸಲ ಅಂತಾರೆ. ಏಪ್ರಿಲ್ ಮೊದಲನೇ ವಾರಕ್ಕೆ ಮುಂಚೆ ಮಾಡಿಬಿಡೋಣ" ಅಂದರು. ಅವರು ಇಟ್ಟ ದಿನ ನೋಡಿದರೆ ಈಸ್ಟರ್ ಹಿಂದಿನ ಪವಿತ್ರ ವಾರದ ಮಂಗಳವಾರ.

"ಈಸ್ಟರ್ ಆದ್ಮೇಲೆ ಅಂತ ಕೇಳ್ರೀ" ಅಂದಳು ಅಮ್ಮ.

"ಎರಡು ವರ್ಷ ಆದ್ಮೇಲೆ ಒಬ್ಬರು ಕೇಳವ್ರೆ. ಅವ್ರಿಗೂ ದಿನ ನಾನೇ ಇಡ್ಲಾ?" ಅಂದರು ಅಪ್ಪ. ಆ ರಾತ್ರಿ ಅಟ್ಟದಿಂದ ಬಿದಿರಿನ ಬುಟ್ಟಿಗಳನ್ನು ಇಳಿಸಿ, ಬಿಸಿನೀರಿನಲ್ಲಿ ಅದ್ದಿ, ಒಂದೊಂದನ್ನೂ ಬಟ್ಟೆಯಿಂದ ಒರೆಸಿದರು. ಗೋಬಿ ಮಂಚೂರಿಗೆ ಕರೆಯಲು ಬಂದ ಅಡುಗೆಯವರಿಗೆ ಇನ್ನು ಬರುವುದಿಲ್ಲ ಅಂತ ಹೇಳಿಬಿಟ್ಟರು. ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ತುಂಬ ದಿನದಿಂದ ಕೇಳಿರಲಿಲ್ಲ.

ಪ್ರತಿ ಎರಡು ದಿನಕ್ಕೊಮ್ಮೆ ಮನೆಯಲ್ಲಿ ಮೂಳೆ ಕುದಿಯಿತು. ನಾನು ಜೆಲ್ಲಿ ಹೆಚ್ಚಿಕೊಟ್ಟೆ. ಅಪ್ಪ ನೆರಿಗೆ ಹಿಡಿದರು. ಬೆಂದದ್ದನ್ನು ಒಂದು ಚಮಚದಲ್ಲಿಟ್ಟು, ಹಾಳೆ ಹರಿಯದೆ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ನೋಡುತ್ತಿದ್ದರು. ಆಮೇಲೆ ಅಷ್ಟನ್ನೂ ಡಬ್ಬಿಗೆ ಹಾಕಿ ಅಮ್ಮನ ಕೈಲಿ ವೃದ್ಧಾಶ್ರಮದ ಸಿಸ್ಟರ್‌ಗಳಿಗೆ ಕಳಿಸುತ್ತಿದ್ದರು. ವ್ರತದ ಕಟ್ಟಿಲ್ಲದ ಅಲ್ಲಿಯ ಅಜ್ಜಿಯರು ಏನು ಕೊಟ್ಟರೂ ದೇವರು ಒಳ್ಳೇದು ಮಾಡ್ಲಿ ಅನ್ನುವವರು. ನಮ್ಮ ಮನೆಯಲ್ಲಿ ಯಾರೂ ತಿನ್ನುವ ಹಾಗಿರಲಿಲ್ಲ, ಯಾರೂ ತಿನ್ನಲಿಲ್ಲ.

"ಏನ್ರೀ, ಮನೆ ತುಂಬಾ ಚಕ್ರಮೊಗ್ಗು ವಾಸನೆ? ಬೀರು ಒಳಗಿನ ಸೀರೆಗೂ ಹತ್ಕೊಂಡದೆ" ಅಂದಳು ಅಮ್ಮ ಒಂದು ದಿನ.

"ನಿಂಗೇನ್ ಗೊತ್ತು ಚೈನೀಸು. ನೀನು ಸೊಪ್ಪಿನ ಸಾರು ನೋಡ್ಕೋ."

"ಆ ಸಾರಿಗೂ ಉಪ್ಪಿನಕಾಯಿ ನೆಂಚ್ಕೋತೀರಲ್ಲ ಈಗೀಗ. ನನ್ನ ಸಾರು ಸಪ್ಪೆ ಆಗೋಯ್ತು ಇವ್ರಿಗೆ."

ನಾನು ನಕ್ಕೆ. ಅಪ್ಪನೂ ನಕ್ಕರು.

ತಪಸ್ಸುಕಾಲದ ಐದನೆಯ ಶುಕ್ರವಾರ ಸಂಜೆ, ಅಮ್ಮ ಶಿಲುಬೆಹಾದಿಯ ಪ್ರಾರ್ಥನೆಗೆ ಚರ್ಚಿಗೆ ಹೋಗಿದ್ದಳು, ಅಪ್ಪ ಹಿತ್ತಲಲ್ಲಿದ್ದರು. ನಾನು ಡಬ್ಬಿ ತುಂಬುತ್ತಿದ್ದಾಗ ಒಂದು ಡಂಪ್ಲಿಂಗ್ ಒಡೆದು ಸೂಪು ಬೆರಳಿನ ಮೇಲೆ ಚೆಲ್ಲಿತು. ಸುಟ್ಟಿತು. ಯೋಚನೆ ಮಾಡದೆ ಬೆರಳನ್ನು ಬಾಯಿಗಿಟ್ಟುಕೊಂಡೆ.

ಮೊದಲು ಬಂದದ್ದು ಪಾಪ ಮಾಡಿದೆ ಅನ್ನುವ ಭಯ. ಆಮೇಲೆ ಉಪ್ಪು. ಸಮುದ್ರದ ನೀರು ನುಂಗಿದ ಹಾಗೆ. ಅದರ ಹಿಂದೆ ಚಕ್ರಮೊಗ್ಗು, ಕಹಿಯಾಗುವಷ್ಟು. ಶುಂಠಿ ಇರಲೇ ಇಲ್ಲ. ತಪ್ಪಿ ಒಂದರಲ್ಲಿ ಹಾಗಾಗಿರಬಹುದು ಅಂದುಕೊಂಡು ಇನ್ನೊಂದನ್ನು ಒಡೆದು ಬೇಕೆಂದೇ ನೆಕ್ಕಿದೆ. ಅದೇ. ಏಳು ಅಂಗಡಿಯಲ್ಲಿ ಅತಿ ಕೆಟ್ಟದ್ದು ಯಾವುದೋ, ಇದು ಅದಕ್ಕಿಂತ ಕೆಟ್ಟದ್ದಾಗಿತ್ತು.

ಅಪ್ಪ ಒಳಗೆ ಬಂದು ಹೊಸ ಪಾತ್ರೆಯ ಮುಚ್ಚಳ ತೆಗೆದು, ಹಬೆಗೆ ಮುಖ ಕೊಟ್ಟು ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. "ಇನ್ನೊಂದು ಚಿಟಿಕೆ" ಅಂದು ಉಪ್ಪು ಹಾಕಿದರು.

ಆಗ ಹೇಳಬೇಕಾಗಿತ್ತು. ಬಾಯಿ ತೆರೆದೆ ಕೂಡ. "ಏನಮ್ಮ?" ಅಂದರು. ಅವರ ಮುಖ ಹಬೆಯಿಂದ ಒದ್ದೆಯಾಗಿ ಹೊಳೆಯುತ್ತಿತ್ತು. "ಡಬ್ಬಿ ಸಾಲಲ್ಲ" ಅಂದೆ.

ಆ ರಾತ್ರಿ ಡೈರಿಯಲ್ಲಿ ಒಂದೂವರೆ ಪುಟ ಬರೆದೆ. ಉಪ್ಪು ಎಷ್ಟು, ಚಕ್ರಮೊಗ್ಗು ಎಷ್ಟು, ಏನು ಕಡಿಮೆ, ಎಲ್ಲ ಬರೆದೆ. ಒಂದು ತಿಂಗಳು ಮಾಂಸ ಬಿಟ್ಟದ್ದರಿಂದ ನನ್ನ ನಾಲಿಗೆಯೇ ಕೆಟ್ಟಿರಬಹುದು ಅಂತಲೂ ಬರೆದೆ. ನಾಳೆ ಹೇಳುತ್ತೇನೆ ಅಂತ ಬರೆದು ಮಲಗಿದೆ. ಮಾರನೆಯ ದಿನ ಅಪ್ಪ ಬಿಳಿ ಅಂಗಿಗೆ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದರು.

ಅದಾದ ಒಂದು ವಾರಕ್ಕೆ, ಗರಿಗಳ ಭಾನುವಾರದ ಹಿಂದಿನ ಸಂಜೆ ಪಾಪ ನಿವೇದನೆಗೆ ಹೋದೆ. ತಪಸ್ಸುಕಾಲದ ಶುಕ್ರವಾರ ಮಾಂಸದ ಸೂಪು ನೆಕ್ಕಿದೆ ಅಂತ ಪಿಸುಗುಟ್ಟಿದೆ. ಸ್ವಾಮಿಯವರು ಅದು ದೊಡ್ಡ ಪಾಪವಲ್ಲ ಮಗಳೇ, ಮೂರು ಸಲ ನಮೋ ಮರಿಯಾ ಹೇಳು ಅಂದರು. "ಇನ್ನೇನಾದರೂ ಇದೆಯಾ?" ಅಂತ ಕೇಳಿದರು. ಇಲ್ಲ ಅಂದೆ.

ಮಂಗಳವಾರ ಅಪ್ಪನೂ ನಾನೂ ಆಟೋದಲ್ಲಿ ಹೋದೆವು. ತೊಡೆಯ ಮೇಲೆ ಐಸ್ ಡಬ್ಬಿ, ಕಾಲ ಹತ್ತಿರ ಬುಟ್ಟಿಗಳು. ಹೋಟೆಲಿಗೆ ಇನ್ನೂ ಪೇಂಟಿನ ವಾಸನೆ ಇತ್ತು. ಮನೋಹರ್ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕವರು. ಅಪ್ಪನ ಕಾಲು ಮುಟ್ಟುವುದಕ್ಕೆ ಬಗ್ಗಿದರು, ಅಪ್ಪ ಭುಜ ಹಿಡಿದು ಎತ್ತಿದರು. ಓನರ್ ಬಂದಿರಲಿಲ್ಲ, ಅವರ ಬದಲು ಬಿಳಿ ಕೋಟಿನ ಇಬ್ಬರು ಕುಕ್‌ಗಳು ಇದ್ದರು. ಅಪ್ಪ ನೆರಿಗೆ ಹಿಡಿಯುವುದನ್ನು ಅವರು ಫೋನಿನಲ್ಲಿ ವಿಡಿಯೋ ಮಾಡಿಕೊಂಡರು. "ಯಂತ್ರ ಇದ್ದಂಗವ್ರೆ" ಅಂತ ಒಬ್ಬ ಇನ್ನೊಬ್ಬನಿಗೆ ಹೇಳಿದ್ದು ಕೇಳಿ ಅಪ್ಪ ಇನ್ನೂ ಬೇಗ ಹಿಡಿದರು.

ಎಂಟು ನಿಮಿಷಕ್ಕೆ ಬುಟ್ಟಿ ಇಳಿಯಿತು. ಮೂವರೂ ಒಂದೊಂದು ತೆಗೆದುಕೊಂಡರು. ಮನೋಹರ್ ಕಚ್ಚಿ, ಸೂಪು ಹೀರಿ, ಹಾಗೇ ನಿಂತರು. ಕುಕ್‌ಗಳಲ್ಲಿ ಒಬ್ಬ ಸಿಂಕಿನ ಕಡೆ ತಿರುಗಿದ. ಇನ್ನೊಬ್ಬ ಕಷ್ಟಪಟ್ಟು ನುಂಗಿ ನೀರಿನ ಬಾಟಲಿ ತೆಗೆದುಕೊಂಡ.

"ಹೆಂಗದೆ ಸರ್?" ಅಂದರು ಅಪ್ಪ.

"ಸರ್... ಸ್ವಲ್ಪ ಉಪ್ಪು..." ಮನೋಹರ್ ನನ್ನ ಕಡೆ ನೋಡಿದರು. "ಮೇಡಂ, ನೀವು ಟೇಸ್ಟ್ ಮಾಡಿದ್ರಾ?"

"ತಪಸ್ಸುಕಾಲ" ಅಂದೆ. ಅವರಿಗೆ ಅರ್ಥವಾಗಲಿಲ್ಲ.

"ನಾವು ಈಸ್ಟರ್‌ವರೆಗೂ ಮಾಂಸ ತಿನ್ನಲ್ಲ ಸರ್. ನಾನು ವಾಸನೇಲೇ ನೋಡೋದು" ಅಂದರು ಅಪ್ಪ ಹೆಮ್ಮೆಯಿಂದ. "ಚೆನ್ ಸಾಹೇಬ್ರ ಹತ್ರ ಕೇಳಿ ಬೇಕಾದ್ರೆ."

"ಸರ್, ತಪ್ಪು ತಿಳ್ಕೋಬೇಡಿ. ಇವತ್ತೊಂದಿನ, ಒಂದೇ ಒಂದು ನೀವೇ ತಿಂದು ನೋಡಿ. ಯಾಕೇಂದ್ರೆ ಇದು ನಿಮ್ಮದು ಅಂತ ನಂಗೆ ಅನ್ನಿಸ್ತಿಲ್ಲ."

ಅಪ್ಪ ಬುಟ್ಟಿ ನೋಡಿದರು. ಬಾಗಿಲು ನೋಡಿದರು. ಆಮೇಲೆ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು ಒಂದನ್ನು ಬಾಯಿಗಿಟ್ಟುಕೊಂಡರು. ನಿಧಾನವಾಗಿ ಅಗಿದರು. ಕಣ್ಣು ಮುಚ್ಚಲಿಲ್ಲ, ನಮ್ಮ ಮುಖಗಳನ್ನೇ ಒಂದೊಂದಾಗಿ ನೋಡುತ್ತಾ ಅಗಿದರು. ಮನೋಹರ್ ಮುಖ, ಕುಕ್‌ಗಳ ಮುಖ, ನನ್ನ ಮುಖ. ಅಲ್ಲಿ ಏನಾದರೂ ಬರೆದಿದೆಯೇನೋ ಅಂತ ಹುಡುಕುವ ಹಾಗೆ.

"ಒಂದು ಚೂರು ಮುಂದಾಗ್ಬುಟ್ಟದೆ" ಅಂದರು ಕೊನೆಗೆ. "ಉಪ್ಪು. ಒಂದೇ ಚೂರು. ಅಲ್ವಾ?"

ಸಿಂಕಿನ ಹತ್ತಿರದವನು ನಲ್ಲಿ ನಿಲ್ಲಿಸಿದ. ಮನೋಹರ್‌ಗೆ ಅರ್ಥವಾಯಿತು. ಅವರು ತಲೆ ತಗ್ಗಿಸಿ, "ಯಾವಾಗಿನಿಂದ ಸರ್?" ಅಂತ ಮೆಲ್ಲಗೆ ಕೇಳಿದರು. ಅಪ್ಪ ಬುಟ್ಟಿಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದರು.

ಬಸ್‌ಸ್ಟಾಪಿನಲ್ಲಿ ನೆರಳಿರಲಿಲ್ಲ. ಮೂರು ಬಸ್ಸು ಹೋದವು, ಯಾವುದಕ್ಕೂ ಅಪ್ಪ ಕೈ ತೋರಿಸಲಿಲ್ಲ.

"ಜ್ವರ ಬಂತಲ್ಲ ಜನವರೀಲಿ, ಅವತ್ತಿಂದ" ಅಂದರು. "ಮೂಗು ಮೊದಲು ಹೋಯ್ತು. ಆಮೇಲೆ ನಾಲಿಗೆ. ಬಾಯಲ್ಲಿ ಬಟ್ಟೆ ಇಟ್ಕೊಂಡಂಗೆ. ಬರ್ತದೆ ಬರ್ತದೆ ಅಂದ್ಕೊಂಡೆ."

"ನನ್ನ ಊರೆಲ್ಲ ಕಳಿಸಿದ್ದು..."

"ನಿನ್ನ ನಾಲಿಗೆ ತಯಾರಿ ಮಾಡಕ್ಕೆ ಕಣಮ್ಮ. ಏಳು ಕಡೆ ತಿಂದ್ಮೇಲೆ ನನ್ನದ್ರಲ್ಲಿ ಏನು ತಪ್ಪಿದ್ರೂ ಗೊತ್ತಾಗ್ತದೆ ನಿಂಗೆ ಅಂತ. ಅಷ್ಟರಲ್ಲಿ ತಪಸ್ಸುಕಾಲ ಬಂದ್ಬುಡ್ತು. ನನ್ನ ಕೆಲಸಕ್ಕೆ ನಿನ್ನ ವ್ರತ ಕೆಡಿಸು ಅಂತ ಹೆಂಗೆ ಕೇಳ್ಲಿ? ಕೈ ಅಳತೆ ಮೇಲೆ ನಂಬ್ಕೆ ಇಟ್ಟೆ. ಕೈಗೂ ಮರೆತೋಗ್ಬುಟ್ಟದೆ." ನನ್ನ ಕಡೆ ತಿರುಗಿದರು. "ನಿಂಗೇನಾದ್ರೂ ಅನುಮಾನ ಬಂದಿತ್ತಾ?"

ಒಂದು ಲಾರಿ ದೂಳೆಬ್ಬಿಸಿ ಹೋಯಿತು.

"ಇಲ್ಲ ಅಪ್ಪ."

"ಬಂದಿದ್ರೆ ನೀನು ಹೇಳ್ತಿದ್ದೆ. ಅದು ನಂಗೊತ್ತು." ನನ್ನ ತಲೆಯ ಮೇಲೆ ಕೈಯಿಟ್ಟು, ಮುಂದಿನ ಬಸ್ಸಿಗೆ ಕೈ ತೋರಿಸಿದರು.

ಮನೆಯಲ್ಲಿ ಅಮ್ಮನಿಗೆ ಎಲ್ಲ ಅವರೇ ಹೇಳಿದರು. ಅವಳು ಬೈಯಲಿಲ್ಲ. ಅವರ ತಟ್ಟೆಗೆ ಕೇಳದೆಯೇ ಉಪ್ಪಿನಕಾಯಿ ಬಡಿಸಿದಳು. ಈಸ್ಟರ್ ಹಿಂದಿನ ದಿನ ಮನೋಹರ್ ಫೋನ್ ಮಾಡಿದರು. ಓನರ್‌ಗೆ ಏನೂ ಹೇಳಿಲ್ಲ, ಇನ್ನೊಂದು ದಿನ ಕೊಡುತ್ತೇನೆ, ರುಚಿ ನೋಡುವುದಕ್ಕೆ ಮೇಡಂ ಜೊತೆಗಿದ್ದರೆ ಆಗುತ್ತದೆ ಅಂದರಂತೆ. ಫೋನ್ ಇಟ್ಟು ಅಪ್ಪ ತುಂಬ ಹೊತ್ತು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

ಈಸ್ಟರ್ ಕಳೆದ ಸೋಮವಾರ ಬೆಳಿಗ್ಗೆ ಒಂದೇ ಒಂದು ಬುಟ್ಟಿ ಇಟ್ಟರು. ಆರು ಡಂಪ್ಲಿಂಗ್. ನನ್ನನ್ನು ಮಣೆಯ ಮೇಲೆ ಕೂರಿಸಿ ಚಮಚ ಕೊಟ್ಟು ಎದುರಿಗೆ ಕೂತರು.

"ಇವತ್ತಿಂದ ನೀನೇ ನನ್ನ ನಾಲಿಗೆ. ಅಶೋಕಪುರಂ ಗಾಡಿಯವನಿಗೆ ಹೆಂಗೆ ಬರೆದೆಯೋ ಅಂಗೇ ಹೇಳ್ಬೇಕು. ಅಪ್ಪ ಅಂತ ನೋಡ್ಬೇಡ."

ಕಚ್ಚಿದೆ. ಸೂಪು ಬಂತು. ಕಣ್ಣು ಮುಚ್ಚಿಕೊಂಡೆ. ಈ ಸಲ ಬಾಯಿಂದ ಮಾತು ಹೊರಟಿತು.

"ಉಪ್ಪು ಜಾಸ್ತಿ ಅಪ್ಪ."

"ಎಷ್ಟು?"

"ಅರ್ಧ ಚಮಚ ಕಡಿಮೆ ಮಾಡ್ಬೇಕು. ಚಕ್ರಮೊಗ್ಗು ಒಂದು ಸಾಕು. ಶುಂಠಿ ಸಾಲ್ದು."

ಅಪ್ಪನ ಮುಖ ಅರಳಿತು. ತೊಡೆ ತಟ್ಟಿಕೊಂಡರು. "ನೋಡ್ದಾ, ಎಷ್ಟು ಸಲೀಸು! ಹಿಂಗೇ ಹೇಳ್ಬೇಕು ಕಣಮ್ಮ." ಅಮ್ಮ ಹೊರಗೆ ಬಟ್ಟೆ ಒಣಗಿಸುತ್ತಿದ್ದಳು, ಅವಳಿಗೂ ಕೇಳಲಿ ಅಂತ ಜೋರಾಗಿ, "ಆವತ್ತಿಗಿಂತ ಪರವಾಗಿಲ್ಲ ಅಲ್ವಾ ಆದ್ರೂ?" ಅಂದರು.

ನಿಜ ಹೇಳಿದ ಹಗುರದಲ್ಲಿದ್ದೆ ನಾನು. "ಹೂಂ, ಆವತ್ತು ಇನ್ನೂ ಜಾಸ್ತಿ ಇತ್ತು" ಅಂದುಬಿಟ್ಟೆ.

ಅಪ್ಪನ ಕೈ ತೊಡೆಯ ಮೇಲೆಯೇ ನಿಂತಿತು.

"ಆವತ್ತು ನೀನು ತಿನ್ಲಿಲ್ವಲ್ಲ."

ಚಮಚದಲ್ಲಿ ಉಳಿದಿದ್ದ ಸೂಪಿನ ಮೇಲೆ ಕೊಬ್ಬು ಕೆನೆಗಟ್ಟುವುದನ್ನು ನೋಡುತ್ತಾ ಕೂತೆ.

"ಯಾವಾಗ ತಿಂದೆ?"

"ಐದನೇ ಶುಕ್ರವಾರ. ಬೆರಳಿಗೆ ತಾಗಿತ್ತು."

ಅಪ್ಪ ಬೆರಳು ಮಡಿಚಿ ಎಣಿಸಿದರು. ಆ ಶುಕ್ರವಾರದಿಂದ, ಮುಂದಿನ ವಾರವನ್ನೂ ದಾಟಿ, ಟ್ರಯಲ್ ನಡೆದ ಮಂಗಳವಾರಕ್ಕೆ ಎಷ್ಟು ದಿನ ಅಂತ ಎಣಿಸುತ್ತಿದ್ದಾರೆ ಅಂತ ನನಗೆ ಗೊತ್ತಿತ್ತು. ಹನ್ನೊಂದು. ನಾನೂ ಎಷ್ಟೋ ಸಲ ಎಣಿಸಿದ್ದೆ. ಬೈದಿದ್ದರೆ ಅಳಬಹುದಾಗಿತ್ತು. ಅವರು ಬೈಯಲಿಲ್ಲ. ನನ್ನ ಕೈಯಿಂದ ಚಮಚ ತೆಗೆದುಕೊಂಡು ತೊಳೆದರು, ಒರೆಸಿದರು, ಬುಟ್ಟಿಯಲ್ಲಿ ಉಳಿದಿದ್ದ ಐದರಲ್ಲಿ ಒಂದನ್ನು ಅದರಲ್ಲಿಟ್ಟರು.

ಅಮ್ಮನಿಗೆ ಈ ತಿಂಡಿಯ ತಲೆಬುಡ ಗೊತ್ತಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಎರಡು ಸಲ ತಿಂದಿರಬಹುದು, ಎರಡು ಸಲವೂ ಸೂಪು ಸೆರಗಿಗೆ ಚೆಲ್ಲಿಕೊಂಡಿದ್ದಳು.

"ಅಮ್ಮನ್ನ ಕರಿ" ಅಂದರು ಅಪ್ಪ.